ಪುಷ್ಯ ಬಹುಳ ಪಂಚಮಿ ಮತ್ತು ನಂಜನಗೂಡಿನ ಮಗಳು

ಪಂಚಾಂಗದಲ್ಲಿ ಪಂಚಮಿ ತಿಥಿಯು ತಿಂಗಳಿಗೆ ಎರಡು ಸಲ ಬರುತ್ತದೆ, ಹೋಗುತ್ತದೆ. ತಿಥಿಗೆ ತನ್ನಷ್ಟಕ್ಕೆ ಹಿರಿಮೆಯೂ ಇಲ್ಲ, ಕೀಳರಿಮೆಯೂ ಇಲ್ಲ. ಮಹಾತ್ಮರೊಬ್ಬರ ಹುಟ್ಟೋ, ಐಕ್ಯವೋ, ಸತ್ಕಾರ್ಯವೋ ಆ ದಿನಕ್ಕೆ ಕೂಡಿಕೊಂಡಾಗ ಅದು ಪರ್ವವಾಗುತ್ತದೆ. ಶ್ರಾವಣದ ಪಂಚಮಿ ಬಂದರೆ ನಮ್ಮ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಜೀಕುತ್ತಾರೆ. ಹಾಗೆಯೇ ಸಂಕ್ರಾಂತಿಯ ಹಿಂದುಮುಂದು, ಸುಗ್ಗಿಯ ಕಾಲದಲ್ಲಿ ಬರುವ ಪುಷ್ಯ ಬಹುಳ ಪಂಚಮಿಯು ಸಂಗೀತವನ್ನು ಬಲ್ಲವರಿಗೆ ದೊಡ್ಡ ದಿನ. ನಾದವನ್ನೇ ಪೂಜೆಯಾಗಿ ಮಾಡಿಕೊಂಡ ತ್ಯಾಗರಾಜರು ದೇಹವಿಟ್ಟ ದಿನ ಅದು. ಆ ದಿನಕ್ಕೆ ಇಂದು ಇರುವ ಶೋಭೆಯನ್ನು ತಂದುಕೊಟ್ಟವರಲ್ಲಿ ನಮ್ಮ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳು ಮುಂದಿನ ಸಾಲಿನಲ್ಲಿದ್ದಾಳೆ ಎಂಬುದು ನಮ್ಮ ಹಳ್ಳಿಗಳ ಅನೇಕರಿಗೆ ತಿಳಿಯದು. ನಂಜುಂಡೇಶ್ವರನ ಸನ್ನಿಧಿಯಾದ ನಂಜನಗೂಡಿನಲ್ಲಿ ಹುಟ್ಟಿ, ಕಾವೇರಿಯ ಕೆಳದಂಡೆಯಲ್ಲಿ ಮಣ್ಣಾದ ಬೆಂಗಳೂರು ನಾಗರತ್ನಮ್ಮನವರೇ ಆ ತಾಯಿ. ಅವರ ಚರಿತ್ರೆಯನ್ನು ಇಂದು ಚಿಂತಿಸೋಣ.

ಮೊದಲು ಆ ದಿನದ ವಿಚಾರ. ತ್ಯಾಗರಾಜರು 1767ರಲ್ಲಿ ತಿರುವಾರೂರಿನಲ್ಲಿ ಜನಿಸಿದರು. ಅವರು ಬಾಳಿದ್ದು ತಂಜಾವೂರಿನ ಸಮೀಪದ ತಿರುವೈಯಾರಿನಲ್ಲಿ. ಐದು ನದಿಗಳ ಪುಣ್ಯಸ್ಥಳವೆಂದು ಆ ಊರಿಗೆ ಆ ಹೆಸರು. ಅಲ್ಲಿ ಪಂಚನದೀಶ್ವರನೆಂಬ ಶಿವನ ಪುರಾತನ ದೇಗುಲವಿದೆ. ಶಿವನ ಊರಿನಲ್ಲಿ ಕುಳಿತು ರಾಮನನ್ನು ಹಾಡಿದವರು ತ್ಯಾಗರಾಜರು. ಹರಿಹರರಲ್ಲಿ ಭೇದ ಹುಡುಕುವವರು ಇದನ್ನು ಗಮನಿಸಬೇಕು. ತಂಜಾವೂರಿನ ಅರಮನೆ ಹತ್ತಿರದಲ್ಲೇ ಇದ್ದರೂ ಅವರು ಅರಸರ ಕಾಣಿಕೆಗೆ ಕೈಯೊಡ್ಡಲಿಲ್ಲ. ಬೀದಿಯಲ್ಲಿ ದೇವರ ನಾಮ ಹಾಡುತ್ತ ನಡೆದು, ಅಂದಂದಿನ ಅಕ್ಕಿಯನ್ನು ಭಿಕ್ಷೆಯಾಗಿ ತಂದು, ಶಿಷ್ಯರೊಡನೆ ಉಂಡರು. ನಮ್ಮಲ್ಲಿ ಜಂಗಮರು ಜೋಳಿಗೆ ಹಿಡಿದು ಕಂತೆಭಿಕ್ಷೆಗೆ ಹೋಗುತ್ತಿದ್ದ ಪರಿಯೂ ಇದೇ ಅಲ್ಲವೇ? ಕೊನೆಗಾಲದಲ್ಲಿ ಅವರು ಸಂನ್ಯಾಸ ಸ್ವೀಕರಿಸಿದರು. ಪರಾಭವ ಸಂವತ್ಸರದ ಪುಷ್ಯ ಬಹುಳ ಪಂಚಮಿಯಂದು, ಅಂದರೆ 1847ರ ಜನವರಿ 6ರಂದು, ದೇಹವನ್ನು ತೊರೆದರು. ಸಂನ್ಯಾಸಿಗಳಾದ್ದರಿಂದ ಅವರಿಗೆ ಅಗ್ನಿಸಂಸ್ಕಾರವಾಗಲಿಲ್ಲ. ಕಾವೇರಿಯ ದಂಡೆಯಲ್ಲಿ ಸಮಾಧಿ ಮಾಡಿ, ಮೇಲೆ ಬೃಂದಾವನ ಕಟ್ಟಿದರು. ನಮ್ಮಲ್ಲಿ ಲಿಂಗೈಕ್ಯರಾದ ಗುರುಗಳಿಗೆ ಗದ್ದುಗೆ ಇರುವಂತೆ ಎಂದು ತಿಳಿಯಿರಿ.

ಆದರೆ ಗದ್ದುಗೆ ಕಟ್ಟಿದರೆ ಸಾಲದು, ಅದಕ್ಕೆ ದೀಪ ಹಚ್ಚುವ ಕೈಯೂ ಬೇಕು. ತ್ಯಾಗರಾಜರ ಶಿಷ್ಯರು ಅವರವರ ಊರುಗಳಿಗೆ ಚದುರಿದರು. ಅವರ ಕೃತಿಗಳು ಊರೂರುಗಳಲ್ಲಿ ಮೊಳಗತೊಡಗಿದವು. ಸಮಾಧಿಯ ಸುತ್ತ ಮಾತ್ರ ಮುಳ್ಳುಕಂಟಿ ಬೆಳೆಯಿತು. ಹಾಡನ್ನು ಉಳಿಸಿಕೊಂಡವರು ಹಾಡಿದವರ ನೆಲವನ್ನು ಮರೆತರು. ಐವತ್ತಾರು ವರ್ಷಗಳ ಬಳಿಕ, 1903ರಲ್ಲಿ, ಅವರ ನೇರ ಶಿಷ್ಯರಾಗಿದ್ದ ಉಮಯಾಳಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಹಣ್ಣು ಮುದುಕರಾಗಿ ಅಲ್ಲಿಗೆ ಬಂದರು. ಪಾಳುಬಿದ್ದಿದ್ದ ಸ್ಥಳವನ್ನು ಶುಚಿಗೊಳಿಸಿ, ಬೃಂದಾವನವನ್ನು ಸರಿಪಡಿಸಿ, ಗುರುತಿನ ಕಲ್ಲು ಹಾಕಿಸಿದರು. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಪಂಚಮಿಯಂದು ಆರಾಧನೆಯು ಸಾರ್ವಜನಿಕವಾಗಿ ನಡೆಯತೊಡಗಿತು.

ಹತ್ತು ಜನ ಸೇರಿದಲ್ಲಿ ಎರಡು ಪಕ್ಷ ಹುಟ್ಟುವುದು ಲೋಕದ ರೂಢಿ. ಕೆಲವೇ ವರ್ಷಗಳಲ್ಲಿ ಆರಾಧನೆ ಮಾಡುವವರಲ್ಲಿ ಪೆರಿಯ ಕಚ್ಚಿ, ಚಿನ್ನ ಕಚ್ಚಿ, ಅಂದರೆ ದೊಡ್ಡ ಪಕ್ಷ, ಸಣ್ಣ ಪಕ್ಷ ಎಂಬ ಎರಡು ಬಣಗಳಾದವು. ಒಂದು ಬಣದವರು ಮೊದಲೇ ಉತ್ಸವ ಆರಂಭಿಸಿ ಪಂಚಮಿಗೆ ಮುಗಿಸುವರು. ಇನ್ನೊಂದು ಬಣದವರು ಪಂಚಮಿಗೆ ಆರಂಭಿಸಿ ಆಮೇಲೆ ನಡೆಸುವರು. ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ತೇರಿನ ಹಗ್ಗ ಮೊದಲು ಯಾರು ಹಿಡಿಯಬೇಕೆಂದು ನಡೆಯುವ ಜಗಳವನ್ನು ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಎರಡು ಬಣಗಳಿಗೆ ಬೇರೆ ಯಾವುದರಲ್ಲಿ ಹೊಂದಿಕೆ ಇಲ್ಲದಿದ್ದರೂ ಒಂದರಲ್ಲಿ ಮಾತ್ರ ಒಮ್ಮತವಿತ್ತು. ಸಮಾಧಿಯ ಮುಂದೆ ಹೆಣ್ಣುಮಕ್ಕಳು ಹಾಡಕೂಡದು!

ಹೀಗೇಕೆಂದರೆ ಕಾರಣವಿದೆ. ಆ ಕಾಲದಲ್ಲಿ ಮನೆತನದ ಸ್ತ್ರೀಯರು ಹತ್ತು ಜನರ ಎದುರು ಹಾಡುವ ಪದ್ಧತಿ ಇರಲಿಲ್ಲ. ಸಭೆಯಲ್ಲಿ ಹಾಡುತ್ತಿದ್ದವರು ದೇವದಾಸಿ ಕುಲದ ಹೆಣ್ಣುಮಕ್ಕಳು. ಗುಡಿಯ ಸೇವೆಗೆಂದು ಬಿಟ್ಟ ಆ ಕುಲದವರು ತಲೆತಲಾಂತರದಿಂದ ಹಾಡು, ಕುಣಿತ, ಸಾಹಿತ್ಯಗಳನ್ನು ಕಾಪಾಡಿಕೊಂಡು ಬಂದಿದ್ದರು. ಸಮಾಜವು ಅವರ ವಿದ್ಯೆಯನ್ನು ಸವಿಯಿತು, ಅವರನ್ನು ಮಾತ್ರ ದೂರ ನಿಲ್ಲಿಸಿತು. ಜೇನು ಬೇಕು, ಜೇನುಹುಳು ಬೇಡ ಎಂಬಂತೆ. ನಾಗರತ್ನಮ್ಮನವರು ಹುಟ್ಟಿದ್ದು ಇಂಥ ಕುಲದಲ್ಲಿ.

1878ರ ನವೆಂಬರ್ 3ರಂದು ನಂಜನಗೂಡಿನಲ್ಲಿ ಅವರ ಜನನ. ತಾಯಿ ಪುಟ್ಟಲಕ್ಷ್ಮಮ್ಮ. ತಂದೆ ಸುಬ್ಬರಾಯರೆಂಬ ವಕೀಲರು. ತಂದೆಯ ಆಸರೆ ಮಗುವಿಗೆ ದೊರೆಯಲಿಲ್ಲ. ಎಳೆಗೂಸನ್ನು ಕಟ್ಟಿಕೊಂಡು ತಾಯಿ ಮೈಸೂರಿಗೆ ಬಂದರು. ಅಲ್ಲಿ ಗಿರಿಭಟ್ಟರ ತಮ್ಮಯ್ಯನವರೆಂಬ ಸಂಸ್ಕೃತ ಪಂಡಿತರು ಆಶ್ರಯ ಕೊಟ್ಟು, ಬಾಲೆಯ ಬುದ್ಧಿಯ ಚುರುಕನ್ನು ಕಂಡು ಸಂಸ್ಕೃತ ಕಲಿಸತೊಡಗಿದರು. ಶ್ಲೋಕಗಳನ್ನು ಮಗು ಒಮ್ಮೆ ಕೇಳಿದರೆ ಒಪ್ಪಿಸುತ್ತಿತ್ತಂತೆ. ಆದರೆ ಕೆಲವು ಕಾಲದ ಮೇಲೆ ಅಲ್ಲಿಯೂ ಮನಸ್ತಾಪವಾಯಿತು. ತಾಯಿಯ ಮನಸ್ಸು ನೊಂದಿತು. ಮಗಳು ವಿದ್ಯೆಯಲ್ಲಿ ಎದ್ದು ನಿಂತ ಮೇಲೆಯೇ ಈ ಊರಿಗೆ ಕಾಲಿಡುವುದು ಎಂದು ಮನಸ್ಸಿನಲ್ಲಿ ಪಣ ತೊಟ್ಟು ಆ ತಾಯಿ ಮೈಸೂರನ್ನು ಬಿಟ್ಟರು.

ಭಕ್ತಬಂಧುಗಳೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗಂಡನ ಮನೆಯಿಲ್ಲ, ತವರಿನ ಬಲವಿಲ್ಲ, ಕೈಯಲ್ಲಿ ಕಾಸಿಲ್ಲ. ಅಂಥ ಹೆಣ್ಣುಮಗಳು ಸಿಟ್ಟಿನಿಂದ ಶಾಪ ಹಾಕುತ್ತ ಕೂಡಲಿಲ್ಲ, ಮಗಳಿಗೆ ಗುರುವನ್ನು ಹುಡುಕುತ್ತ ಹೊರಟರು. ಅವಮಾನವನ್ನು ನುಂಗಿ ಅದನ್ನು ಛಲವಾಗಿ ಮಾಡಿಕೊಳ್ಳುವುದೇ ನಿಜವಾದ ತಪಸ್ಸು. ನಂಜನ್ನುಂಡವನ ಊರಿನ ಮಗಳಲ್ಲವೇ!

ಕೊನೆಗೆ ಅವರು ಬೆಂಗಳೂರಿಗೆ ಬಂದರು. ಅಲ್ಲಿ ಬಂಧುವಾದ ವೆಂಕಟಸ್ವಾಮಪ್ಪನವರು ಪಿಟೀಲು ವಿದ್ವಾಂಸರು. ಅವರ ಆಸರೆಯಲ್ಲಿ ಬಾಲೆಯ ಸಂಗೀತಶಿಕ್ಷಣ ನಡೆಯಿತು. ಮುನಿಸ್ವಾಮಪ್ಪನವರೆಂಬ ಗುರುಗಳು ದೊರೆತರು. ಆ ಗುರುಗಳು ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರ ಪರಂಪರೆಗೆ ಸೇರಿದವರು. ಯಾವ ಮಹಾತ್ಮರ ಸಮಾಧಿಗೆ ಮುಂದೆ ಈಕೆ ದೀಪ ಹಚ್ಚಬೇಕಾಗಿತ್ತೋ ಅವರ ಹಾಡೇ ಎಳೆವಯಸ್ಸಿನಲ್ಲಿ ಕೊರಳಿಗೆ ಇಳಿಯಿತು. ಇದನ್ನು ಗುರುಕಾರುಣ್ಯ ಎನ್ನದೆ ಏನೆನ್ನೋಣ? ಸಂಗೀತದೊಡನೆ ನೃತ್ಯವನ್ನೂ, ಕನ್ನಡ, ತೆಲುಗು, ಸಂಸ್ಕೃತಗಳನ್ನೂ ಅಭ್ಯಾಸ ಮಾಡಿದರು. ಹದಿನಾಲ್ಕರ ವಯಸ್ಸಿಗೆ ತಾಯಿ ತೀರಿಕೊಂಡರು. ಆದರೂ ಅಭ್ಯಾಸ ನಿಲ್ಲಲಿಲ್ಲ. ಮುಂದೆ ಅದೇ ಮೈಸೂರಿನ ಅರಮನೆಯಲ್ಲಿ ಹಾಡಿ ಗೌರವ ಪಡೆದರು. ತಾಯಿಯ ಪಣ ಸಂದಿತು, ಕಣ್ಣಾರೆ ನೋಡಲು ತಾಯಿ ಇರಲಿಲ್ಲ.

ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರು ಅವರ ವಿದ್ಯೆಯನ್ನು ಮೆಚ್ಚಿ ಬೆಂಬಲವಾಗಿ ನಿಂತರು. ಬೆಂಗಳೂರಿನ ಹನುಮಂತನಗರದಲ್ಲಿ ನರಹರಿರಾಯರ ಗುಡ್ಡ ಎಂದು ಜನ ಕರೆಯುವ ಗುಡ್ಡವು ಅವರದೇ ಹೆಸರಿನದು. ಬಳಿಕ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನಾಗರತ್ನಮ್ಮನವರು ಮದ್ರಾಸಿಗೆ ಹೋಗಿ ನೆಲೆಸಿದರು. ಊರೂರುಗಳಲ್ಲಿ ಕಛೇರಿಗಳಾದವು. ಹರಿಕಥೆ ಮಾಡುವುದರಲ್ಲಿಯೂ ಹೆಸರಾದರು. ಹೆಣ್ಣಿನ ಕೊರಳಾದರೂ ಗಂಭೀರವಾದ ಘನವಾದ ಧ್ವನಿ ಅವರದು. ಸಂಪಾದನೆ ಹೆಚ್ಚಿತು. ಒಡವೆ, ಮನೆ, ಹೆಸರು ಎಲ್ಲವೂ ಬಂದವು. ಮದ್ರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಅವರೇ ಎಂದು ಹೇಳುವುದುಂಟು.

ಸಂಪತ್ತಿನ ನಡುವೆಯೂ ಅವರು ವಿದ್ಯೆಯನ್ನು ಬಿಡಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ರಚಿಸಿದ ರಾಧಿಕಾ ಸಾಂತ್ವನವೆಂಬ ಕಾವ್ಯ ಅವರ ಕೈಗೆ ಬಂತು. ಮೊದಲು ಅಚ್ಚು ಹಾಕಿಸಿದವರು ಕವಯಿತ್ರಿಯ ವಿಷಯವನ್ನೂ ಹಲವು ಪದ್ಯಗಳನ್ನೂ ಬಿಟ್ಟಿದ್ದರು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಹುಡುಕಿ, ಒಪ್ಪಿಟ್ಟು ನೋಡಿ, 1910ರಲ್ಲಿ ಪೂರ್ಣವಾಗಿ ಪ್ರಕಟಿಸಿದರು. ಶೃಂಗಾರ ಮಿತಿಮೀರಿದೆ ಎಂಬ ದೂರು ಬಂತು. ಮರುವರ್ಷ ಸರ್ಕಾರ ಪುಸ್ತಕವನ್ನು ತಡೆಯಿತು. ಗಂಡುಕವಿಗಳು ಇದಕ್ಕಿಂತ ಹೆಚ್ಚು ಬರೆದಾಗ ಇಲ್ಲದ ದೋಷವು ಹೆಣ್ಣು ಬರೆದಾಗ ಹೇಗೆ ಬಂತೆಂಬುದು ಆಕೆಯ ವಾದವಾಗಿತ್ತು. ಆ ನಿಷೇಧವು ತೆರವಾದದ್ದು 1947ರಲ್ಲಿ. ಕಾವ್ಯದ ಗುಣದೋಷವನ್ನು ಪಂಡಿತರು ವಿಚಾರಿಸಲಿ. ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕೆಂದು ಕೇಳಿದ ಆ ಮಾತನ್ನು ಮಾತ್ರ ಯಾರೂ ತಳ್ಳಿಹಾಕಲಾರರು.

ಈಗ ಮುಖ್ಯವಾದ ಪ್ರಸಂಗಕ್ಕೆ ಬರೋಣ. 1921ನೆಯ ಇಸವಿ. ನಾಗರತ್ನಮ್ಮನವರಿಗೆ ನಲವತ್ತೆರಡು ಕಳೆದಿತ್ತು. ಮೈಸೂರಿನ ಹಿರಿಯ ವಿದ್ವಾಂಸರು, ಪಿಟೀಲು ಚೌಡಯ್ಯನವರ ಗುರುಗಳು, ಬಿಡಾರಂ ಕೃಷ್ಣಪ್ಪನವರು. ನಾಗರತ್ನಮ್ಮನವರು ಅವರನ್ನೂ ಗುರುಗಳೆಂದು ಭಾವಿಸಿದ್ದರು. ತಿರುವೈಯಾರಿಗೆ ಹೋಗಿದ್ದ ಕೃಷ್ಣಪ್ಪನವರು ತ್ಯಾಗರಾಜರ ಸಮಾಧಿ ಮತ್ತೆ ಕೆಟ್ಟ ಸ್ಥಿತಿಯಲ್ಲಿರುವುದನ್ನು ಕಂಡು ಮರುಗಿ, ಅದನ್ನು ಸರಿಪಡಿಸುವಂತೆ ಈ ಶಿಷ್ಯೆಗೆ ಕಾಗದ ಬರೆದರು. ವರ್ಷಕ್ಕೊಮ್ಮೆ ಪಂಚಮಿಗೆ ಬಂದು ಹಾಡುವವರಿದ್ದರು. ಉಳಿದ ದಿನಗಳಲ್ಲಿ ಕಸ ಗುಡಿಸುವವರಿರಲಿಲ್ಲ.

ಕಾಗದ ಕಂಡ ಆ ತಾಯಿ ತಡಮಾಡಲಿಲ್ಲ. ಮದ್ರಾಸಿನಿಂದ ತಿರುವೈಯಾರಿಗೆ ಹೋದರು. ಸಮಾಧಿಯ ಸುತ್ತಣ ನೆಲ ಯಾರದೆಂದು ವಿಚಾರಿಸಿ ಅದನ್ನು ಪಡೆದುಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಗುಡಿಗೆ ಅಡಿಗಲ್ಲು ಬಿತ್ತು. ತ್ಯಾಗರಾಜರ ಮೂರ್ತಿಯನ್ನು ಮಾಡಿಸಿ ಬೃಂದಾವನದ ಎದುರು ಸ್ಥಾಪಿಸಿದರು. ನಿತ್ಯ ಪೂಜೆಗೆ ಏರ್ಪಾಡು ಮಾಡಿದರು. ಕೆಲವು ವರ್ಷಗಳಲ್ಲಿ ಗುಡಿ ಪೂರ್ಣವಾಗಿ ಕುಂಭಾಭಿಷೇಕ ನಡೆಯಿತು. ಇದಕ್ಕೆ ಹಣ ಎಲ್ಲಿಂದ ಬಂತು? ಹಾಡಿ ಗಳಿಸಿದ್ದು, ಒಡವೆ ಮಾರಿದ್ದು. ಕಾಯಕದಿಂದ ಬಂದದ್ದು ದಾಸೋಹಕ್ಕೆ ಸಲ್ಲಬೇಕೆಂಬ ನಮ್ಮ ಶರಣರ ತತ್ತ್ವವನ್ನು ಆ ತಾಯಿ ತಮ್ಮದೇ ದಾರಿಯಲ್ಲಿ ನಡೆದು ತೋರಿಸಿದರು.

ಗುಡಿ ಕಟ್ಟಿದವರು ಅವರು. ಪಂಚಮಿ ಬಂತು. ಗುಡಿಯ ಮುಂದೆ ಹಾಡುವ ಹಕ್ಕು ಮಾತ್ರ ಅವರಿಗಿರಲಿಲ್ಲ! ಹಣ ಆಗಬಹುದು, ಹಾಡು ಆಗದು ಎಂಬ ನ್ಯಾಯ. ಇದನ್ನು ಕೇಳಿದರೆ ಈಗಲೂ ಮನಸ್ಸು ನೋಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಗುಡಿಗೆ ಬೀಗ ಹಾಕಿ ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ನಾಗರತ್ನಮ್ಮನವರು ಹಾಗೆ ಮಾಡಲಿಲ್ಲ. ಗಂಡಸರು ಮುಂದುಗಡೆ ಹಾಡಲಿ ಎಂದು ಬಿಟ್ಟು, ಗುಡಿಯ ಹಿಂಬದಿಯಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ತಾವೇ ಆರಾಧನೆ ಆರಂಭಿಸಿದರು. ಅದಕ್ಕೆ ಪೆಣ್ಗಳ್ ಕಚ್ಚಿ, ಅಂದರೆ ಹೆಂಗಸರ ಪಕ್ಷ, ಎಂದು ಹೆಸರಾಯಿತು. ಹೀಗೆ ಒಬ್ಬ ಮಹಾತ್ಮರ ಒಂದು ಸಮಾಧಿಗೆ, ಒಂದು ಪಂಚಮಿಗೆ, ಮೂರು ಆರಾಧನೆಗಳು ನಡೆಯತೊಡಗಿದವು.

ಮುಂದಿನಿಂದ ಬಂದ ಹಾಡೂ ಹಿಂದಿನಿಂದ ಬಂದ ಹಾಡೂ ತಲುಪುವುದು ಒಂದೇ ಸ್ಥಳಕ್ಕೆ ಎಂಬುದು ಆಕೆಗೆ ಗೊತ್ತಿತ್ತು. ತಿಳಿಯಬೇಕಾದವರಿಗೆ ತಿಳಿಯಲು ಹತ್ತಾರು ವರ್ಷ ಹಿಡಿಯಿತು. ನಂಜನಗೂಡಿನಲ್ಲಿ ಹುಟ್ಟಿದ ಮಗಳು ತಮಿಳು ನಾಡಿನಲ್ಲಿ, ತೆಲುಗಿನಲ್ಲಿ ಹಾಡಿದ ಮಹಾತ್ಮರಿಗಾಗಿ ಈ ಸೇವೆ ಮಾಡಿದರೆಂಬುದನ್ನೂ ನೆನೆಯಬೇಕು. ಭಾಷೆ, ಸೀಮೆಗಳ ಹೆಸರಿನಲ್ಲಿ ಮನಸ್ಸನ್ನು ಕಿರಿದು ಮಾಡಿಕೊಳ್ಳುವವರಿಗೆ ಇದೊಂದು ಪಾಠ.

ಇದೇ ಕಾಲದಲ್ಲಿ ಇನ್ನೊಂದು ಕಷ್ಟ ಎದುರಾಯಿತು. ದೇವದಾಸಿ ಪದ್ಧತಿಯನ್ನು ನಿಲ್ಲಿಸಬೇಕೆಂಬ ಚಳವಳಿ ಬಲವಾಗಿತ್ತು. ಮೈಸೂರು ಸರ್ಕಾರವು 1909ರಲ್ಲಿಯೇ ಮುಜರಾಯಿ ಗುಡಿಗಳಲ್ಲಿ ಆ ಸೇವೆಯನ್ನು ನಿಲ್ಲಿಸಿತ್ತು. ಮದ್ರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಶಾಸನಸಭೆಯಲ್ಲಿ ಈ ವಿಷಯವನ್ನು ಎತ್ತಿದರು. ಎಳೆಯ ಹೆಣ್ಣುಮಕ್ಕಳ ಬಾಳು ಹಾಳಾಗಬಾರದೆಂಬ ಅವರ ಕಳಕಳಿ ಸತ್ಯವಾದದ್ದು. ನಾಗರತ್ನಮ್ಮನವರು ತಮ್ಮ ಕುಲದ ಹೆಣ್ಣುಮಕ್ಕಳ ಸಂಘದ ಮುಂದಾಳಾಗಿ ಅದನ್ನು ವಿರೋಧಿಸಿದರು. ತಮ್ಮವರೆಲ್ಲರನ್ನೂ ಕೆಟ್ಟವರೆಂದು ಒಂದೇ ಹಗ್ಗದಲ್ಲಿ ಕಟ್ಟಬಾರದು, ವಿದ್ಯೆಯಿಂದ ಬದುಕುವವರ ಅನ್ನವನ್ನೂ ಮಾನವನ್ನೂ ಕಳೆಯಬಾರದು ಎಂಬುದು ಅವರ ಅಳಲು. ಕೊನೆಗೆ 1947ರಲ್ಲಿ ಮದ್ರಾಸಿನಲ್ಲಿ ಕಾನೂನು ಬಂತು. ನಮ್ಮ ರಾಜ್ಯದಲ್ಲಿಯೂ 1982ರ ಕಾನೂನಿನಿಂದ ಹೆಣ್ಣುಮಕ್ಕಳನ್ನು ಹಾಗೆ ಬಿಡುವುದು ಅಪರಾಧವಾಗಿದೆ. ಮುತ್ತು ಕಟ್ಟಿ ಎಳೆಯ ಮಗಳನ್ನು ದೇವರ ಹೆಸರಿನಲ್ಲಿ ಬಿಡುವುದು ಭಕ್ತಿಯಲ್ಲ, ಅದು ಘೋರ ಪಾಪ. ಇದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯನ್ನು ತೊಡೆಯುವಾಗ ಅದರಲ್ಲಿ ಸಿಲುಕಿ ಬೆಂದವರನ್ನು ಹೀಯಾಳಿಸುವುದೂ ಪಾಪವೇ. ಅನುಭವ ಮಂಟಪದ ಕಾಲದಲ್ಲಿ ಪುಣ್ಯಸ್ತ್ರೀ ಸಂಕವ್ವೆಯನ್ನು ಶರಣರು ಹಿಂದಿನ ಬಾಳನ್ನು ಕೆದಕದೆ ಶರಣೆಯೆಂದೇ ಒಪ್ಪಿಕೊಂಡರು. ಆಕೆ ವಚನಕಾರ್ತಿಯಾದಳು. ಒಪ್ಪಿಕೊಳ್ಳುವ ಮನಸ್ಸಿನ ದೊಡ್ಡತನ ಅಂಥದು.

ತಿರುವೈಯಾರಿಗೆ ಮರಳೋಣ. ಬಣಗಳ ಜಗಳ ಮೂವತ್ತು ವರ್ಷ ನಡೆದ ಮೇಲೆ ಹಿರಿಯ ವಿದ್ವಾಂಸರಿಗೂ ಅಧಿಕಾರಿಗಳಿಗೂ ಸಾಕೆನಿಸಿತು. ಮುಸಿರಿ ಸುಬ್ರಹ್ಮಣ್ಯ ಅಯ್ಯರರು, ಎಸ್. ವೈ. ಕೃಷ್ಣಸ್ವಾಮಿಯವರು ಮೊದಲಾದವರು ನಡುವೆ ನಿಂತು ಮಾತುಕತೆ ನಡೆಸಿದರು. 1940ರ ಸುಮಾರಿಗೆ ಪಕ್ಷಗಳು ಒಂದಾದವು. 1941ರ ಆರಾಧನೆಯಿಂದ ಹೆಣ್ಣುಮಕ್ಕಳಿಗೂ ಸಮಾಧಿಯ ಮುಂದೆ ಹಾಡುವ ಅವಕಾಶ ಸಿಕ್ಕಿತು. ಎಲ್ಲರೂ ಕೂಡಿ ಒಂದೇ ಕೊರಳಾಗಿ ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವ ರೂಢಿಯೂ ಆ ಒಗ್ಗಟ್ಟಿನ ಫಲವಾಗಿ ಬಂತು. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳ ಆ ಐದು ಕೃತಿಗಳನ್ನು ಇಂದು ಪಂಚಮಿಯ ಬೆಳಿಗ್ಗೆ ನೂರಾರು ಮಂದಿ ಸಾಲಾಗಿ ಕುಳಿತು ಹಾಡುತ್ತಾರೆ. ಆಕಾಶವಾಣಿ, ದೂರದರ್ಶನಗಳಲ್ಲಿ ಅದನ್ನು ಕೇಳಿದವರು ನಿಮ್ಮಲ್ಲಿಯೂ ಇರಬಹುದು. ಆ ಸಾಲುಗಳಲ್ಲಿ ಹೆಣ್ಣುಮಕ್ಕಳು ಕುಳಿತಿರುವುದನ್ನು ನೋಡಿ ಇದು ಮೊದಲಿನಿಂದ ಹೀಗೆಯೇ ಇತ್ತೆಂದು ತಿಳಿಯಬಾರದು. ಅದಕ್ಕಾಗಿ ಒಬ್ಬ ತಾಯಿ ಹಿಂಬದಿಯಲ್ಲಿ ಕುಳಿತು ವರ್ಷ ವರ್ಷವೂ ಹಾಡಿದ್ದಳು.

ನಾಗರತ್ನಮ್ಮನವರು ಮದ್ರಾಸಿನ ವೈಭವವನ್ನು ಬಿಟ್ಟು ಬಂದು ತಿರುವೈಯಾರಿನಲ್ಲಿಯೇ ಸರಳವಾಗಿ ನೆಲೆಸಿದ್ದರು. ರೇಷ್ಮೆ, ವಜ್ರಗಳನ್ನು ಕಂಡ ದೇಹ ಸಾಧುವಿನ ಬಾಳಿಗೆ ಒಗ್ಗಿಕೊಂಡಿತು. 1949ರಲ್ಲಿ ಅವರು ಉಯಿಲು ಬರೆದರು. ಉಳಿದ ಆಸ್ತಿಯೆಲ್ಲವನ್ನೂ ಸಮಾಧಿಯ ಸೇವೆಗೆ, ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ ಎಂಬ ತಮ್ಮ ಹೆಸರಿನ ಟ್ರಸ್ಟಿಗೆ, ಒಪ್ಪಿಸಿದರು. ಅದರಲ್ಲಿ ಒಂದು ಕರಾರನ್ನು ಕಾಣಿಸಿದರು. ಅಲ್ಲಿ ಪೂಜಿಸಲು, ಹಾಡಲು ಹೆಣ್ಣುಮಕ್ಕಳಿಗೆ ಗಂಡಸರಷ್ಟೇ ಹಕ್ಕಿರಬೇಕು ಎಂದು. ತಮಗೆ ಬಂಗಾರದ ಹೆಸರು ಬೇಕೆಂದು ಬರೆಯಲಿಲ್ಲ, ವಂಶದವರಿಗೆ ಪಾಲು ಬೇಕೆಂದು ಬರೆಯಲಿಲ್ಲ. ಮುಂದೆ ಬರುವ ಹೆಣ್ಣುಮಕ್ಕಳು ಹಿಂಬದಿಗೆ ಹೋಗಿ ಕೂಡಬಾರದು ಎಂಬುದಷ್ಟೇ ಆ ತಾಯಿಯ ಆಸೆ.

1952ರ ಮೇ 19ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅವರು ಕಣ್ಣು ಮುಚ್ಚಿದರು. ತ್ಯಾಗರಾಜರ ಸಮಾಧಿಗೆ ಹತ್ತಿರದಲ್ಲಿಯೇ ಅವರ ಸಮಾಧಿಯಾಯಿತು. ಅದರ ಮೇಲೆ ಅವರ ಪ್ರತಿಮೆಯಿದೆ. ಗುಡಿಯ ಕಡೆಗೆ ಮುಖಮಾಡಿ ಕೈಮುಗಿದು ಕುಳಿತ ಭಂಗಿ. ಇಂದು ಹಾಡಲು ಹೋಗುವ ವಿದ್ವಾಂಸರು ಆ ತಾಯಿಗೂ ನಮಿಸಿ ಬರುತ್ತಾರೆ. ಹೂವಿನೊಡನೆ ನಾರೂ ಮುಡಿಗೇರಿತು ಎಂದು ಕೆಲವರು ಹೇಳಬಹುದು. ಈ ಹೂವನ್ನು ಬಾಡದಂತೆ ಕಟ್ಟಿ ಹಿಡಿದದ್ದೇ ಆ ನಾರು ಎಂದು ನಾವು ಹೇಳುತ್ತೇವೆ.

ಸದ್ಭಕ್ತರೇ, ಚರಿತ್ರೆ ಕೇಳಿ ತಲೆದೂಗಿ ಎದ್ದುಹೋದರೆ ಫಲವಿಲ್ಲ. ನಮ್ಮ ಊರುಗಳಲ್ಲಿಯೂ ಗದ್ದುಗೆಗಳಿವೆ. ನಾಲ್ಕು ಜನಕ್ಕೆ ಅಕ್ಷರ ಕಲಿಸಿದವರು, ಪುರಾಣ ಹೇಳಿದವರು, ಭಜನೆ ಕಲಿಸಿದವರು ಮಣ್ಣಾದ ನೆಲಗಳಿವೆ. ಅವುಗಳ ಮೇಲೆ ಜಾಲಿ ಬೆಳೆದಿದೆಯೇ, ಗೋಡೆ ಕುಸಿದಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಿರಿ. ಊರಿನಲ್ಲಿ ಎರಡು ಪಕ್ಷಗಳಿದ್ದರೆ ಪುಣ್ಯಾರಾಧನೆಯ ದಿನವಾದರೂ ಒಂದೇ ಪಂಕ್ತಿಯಲ್ಲಿ ಕೂಡಿರಿ. ಭಜನೆಯ ಮೇಳ ಹೂಡಿದಾಗ ಹಾರ್ಮೋನಿಯಂ, ತಾಳಗಳು ಗಂಡಸರ ಕೈಯಲ್ಲಿ, ಹೆಂಗಸರು ಅಡುಗೆಮನೆಯಲ್ಲಿ ಎಂಬ ಏರ್ಪಾಡು ಬೇಡ. ಮನೆಯಲ್ಲಿ ಹಾಡುವ ಮಗಳಿದ್ದರೆ, ಸೊಸೆಯಿದ್ದರೆ ಮುಂದೆ ಕೂಡಿಸಿರಿ. ಕಲಿಸಲು ಗುರುವನ್ನು ಹುಡುಕಿರಿ. ಗತಿಯಿಲ್ಲದ ಪುಟ್ಟಲಕ್ಷ್ಮಮ್ಮನವರು ಹುಡುಕಿದರು. ಹೊಲಮನೆ ಇರುವ ನಮಗೆ ಅದು ಭಾರವಾದೀತೇ?

ಮುಂದೆ ಬರುವ ಪುಷ್ಯ ಬಹುಳ ಪಂಚಮಿಯಂದು ಸಂಜೆ ದೀಪ ಹಚ್ಚುವಾಗ ತ್ಯಾಗರಾಜರೊಡನೆ ನಂಜನಗೂಡಿನ ಈ ಮಗಳನ್ನೂ ಒಂದು ಗಳಿಗೆ ನೆನೆಯಿರಿ. ನಾದವು ಎಲ್ಲರ ಕೊರಳಲ್ಲಿ ನೆಲೆಸಲಿ, ಮನೆಮನೆಯ ಹೆಣ್ಣುಮಕ್ಕಳಿಗೆ ವಿದ್ಯೆಯೂ ಮಾನವೂ ಲಭಿಸಲಿ, ಸರ್ವರಿಗೂ ಸನ್ಮಂಗಳವಾಗಲಿ ಎಂದು ಹಾರೈಸುತ್ತೇವೆ.